ಸೊನ್ನೆಯಲ್ಲಿ ಮುಗಿಯುವ ಬಿಪಿ

ಪಿಎಚ್.ಡಿ. ಇಲ್ಲವೇ ಎಂ.ಡಿ. ಮುಗಿಸಿ ರಕ್ತದೊತ್ತಡ, ಹೃದ್ರೋಗದ ಸಂಶೋಧನೆ ಕಲಿಯಲು ಹುಬ್ಬಳ್ಳಿಗೆ ನಮ್ಮಲ್ಲಿ ಬರುವವರು ಮೊದಲ ದಿನವೇ ಕೇಳುತ್ತಾರೆ: "ಸರ್, ಡೇಟಾ ಎಲ್ಲಿದೆ?" ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದರಲ್ಲಿ ಅವರು ನನಗಿಂತ ಚುರುಕು. ನಾನು ಅವರ ಕೈಗೆ ಕೊಡುವುದು ತೋಳಿಗೆ ಸುತ್ತುವ ಒಂದು ಬಿಪಿ ಕಫ್, ಒಂದು ದರ್ಜಿ ಟೇಪು. ಮೊದಲ ತಿಂಗಳು ಕಂಪ್ಯೂಟರ್ ಮುಟ್ಟುವಂತಿಲ್ಲ.

ಕೆಲವು ವರ್ಷಗಳ ಹಿಂದೆ ಕುಂದಗೋಳ ತಾಲ್ಲೂಕಿನ ಹಳ್ಳಿಗಳಿಂದ ನಾವೇ ಬರೆದು ತಂದ ರಿಜಿಸ್ಟರ್ ಬಿಡಿಸಿ ಕೂತಾಗ ಎದೆ ಧಸಕ್ ಎಂದಿತ್ತು. 120, 130, 140, 150. ಪುಟದ ತುಂಬ ಸೊನ್ನೆಗಳೇ. ಪಾದರಸದ ಉಪಕರಣದಲ್ಲಿ ಎರಡೆರಡು ಮಿಲಿಮೀಟರಿಗೆ ಒಂದು ಗೆರೆ ಇರುತ್ತದೆ. ಕಣ್ಣಿಟ್ಟು ಓದಿದ್ದರೆ ಹೆಚ್ಚುಕಡಿಮೆ ಐದರಲ್ಲಿ ಒಂದು ಅಳತೆ ಮಾತ್ರ ಸೊನ್ನೆಯಲ್ಲಿ ಮುಗಿಯಬೇಕು. ನಾವು ಅಂದಾಜಿಗೆ ಬರೆದಿದ್ದೆವು. 136 ಇದ್ದ ಹೆಣ್ಣುಮಗಳನ್ನು 140 ಎಂದು ಬರೆದರೆ ಅವತ್ತಿನಿಂದ ಆಕೆ ರೋಗಿ. ಬಿಪಿ ಇರುವವರು ಉಪ್ಪು ಕಡಿಮೆ ಮಾಡಿದರೆ ಸಾಮಾನ್ಯವಾಗಿ ಇಳಿಯುವುದೇ ನಾಲ್ಕೈದು ಮಿಲಿಮೀಟರ್. ಹತ್ತರ ಲೆಕ್ಕದಲ್ಲಿ ಬರೆಯುವವರ ಪುಟದಲ್ಲಿ ಆ ಇಳಿಕೆ ಮಸುಕಾಗುತ್ತದೆ. ಆ ರಿಜಿಸ್ಟರ್ ಬದಿಗಿಟ್ಟು ಮತ್ತೆ ಮನೆಮನೆಗೆ ಹೋದೆವು.

ಹೊಲದಿಂದ ಬುಟ್ಟಿ ಹೊತ್ತು ಬಂದ ಅಮ್ಮ ಒಬ್ಬರು ಕಟ್ಟೆಯ ಮೇಲೆ ಕೂತವರೇ ಕೈ ಚಾಚಿದರು. "ಲಗೂನ ನೋಡವಾ, ಎಮ್ಮಿಗಿ ನೀರ ಕುಡಸೂದೈತಿ." ಆ ಗಳಿಗೆಯಲ್ಲಿ ನೋಡಿದಾಗ 158. ನಮ್ಮ ಹುಡುಗಿ ಅವರ ಬೆನ್ನಿಗೆ ಗೋಡೆ ಕೊಟ್ಟು, ಪಾದ ನೆಲಕ್ಕೆ ಊರಿಸಿ, ತೋಳಿನ ಕೆಳಗೆ ಎದೆಮಟ್ಟಕ್ಕೆ ದಿಂಬು ಇಟ್ಟಳು. "ಐದ ನಿಮಿಷ ಸುಮ್ಮಕ ಕುಂದರ್ರಿ ಯವ್ವಾ, ಮಾತಾಡಬ್ಯಾಡ್ರಿ." ಆಮೇಲೆ 144, 138, 136. ಕೊನೆಯ ಎರಡರ ಸರಾಸರಿ 137. ಎಮ್ಮೆ ಅಷ್ಟು ಹೊತ್ತು ಕಾಯಿತು.

ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸ್ಪ್ರಿಂಟ್ ಅಧ್ಯಯನ ಹೊಸಬರಿಗೆಲ್ಲ ಬಾಯಿಪಾಠ. 9,361 ಜನ; ಮೇಲಿನ ಒತ್ತಡವನ್ನು 140ರ ಬದಲು 120ರ ಕೆಳಗಿಳಿಸಲು ಚಿಕಿತ್ಸೆ ಪಡೆದವರಲ್ಲಿ ಹೃದಯ ವೈಫಲ್ಯವೂ ಸಾವೂ ಕಡಿಮೆ. ಸರಿ, ಅಲ್ಲಿ ಹೇಗೆ ಅಳೆದರು ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಐದು ನಿಮಿಷ ವಿಶ್ರಾಂತಿ, ಆಮೇಲೆ ಸ್ವಯಂಚಾಲಿತ ಯಂತ್ರದಲ್ಲಿ ಮೂರು ಸಲ. ಸಕ್ಕರೆ ಕಾಯಿಲೆಯವರನ್ನು ಸೇರಿಸಿಕೊಂಡಿರಲಿಲ್ಲ. ಒಪಿಡಿ ಗದ್ದಲದಲ್ಲಿ ನಾವು ನೋಡುವ 120 ಅಲ್ಲಿಯ 120 ಅಲ್ಲ. ಇದು ತಿಳಿಯದೆ ಔಷಧಿ ಏರಿಸಿದರೆ ವಯಸ್ಸಾದವರು ತಲೆಸುತ್ತಿ ಬೀಳುತ್ತಾರೆ.

ಎರಡನೇ ತಿಂಗಳಿಂದ ಅಂಕಿಅಂಶ, ನೈತಿಕ ಸಮಿತಿಯ ಅರ್ಜಿ, ಲೇಖನ ಬರೆಯುವುದು ಎಲ್ಲ ಶುರು.

ದರ್ಜಿ ಟೇಪಿನ ಮಾತು ಉಳಿಯಿತು. ಅದು ತೋಳಿನ ಸುತ್ತಳತೆ ನೋಡಲು. ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರಲ್ಲಿ ಕೆಲವರ ತೋಳಿಗೆ ಮಾಮೂಲಿ ಕಫ್ ಸಾಲುವುದಿಲ್ಲ. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ 80ರಷ್ಟನ್ನಾದರೂ ಸುತ್ತಬೇಕು. ಚಿಕ್ಕದಾದರೆ ಇಲ್ಲದ ಬಿಪಿ ತೋರಿಸುತ್ತದೆ. ಅನುದಾನದ ಅರ್ಜಿಯಲ್ಲಿ ಜೀನ್ ಪರೀಕ್ಷೆಗೆ ಲಕ್ಷಗಟ್ಟಲೆ ಕೇಳುವವರು ದೊಡ್ಡ ಕಫ್ ಕೇಳುವುದನ್ನು ಮರೆಯುತ್ತಾರೆ. ಅಂಥ ಅರ್ಜಿ ನನ್ನ ಸಹಿಗೆ ಬಂದರೆ ವಾಪಸ್ ಕಳಿಸುತ್ತೇನೆ.