3000 ಎಚ್‌ಪಿ ಇದ್ದರೂ ಗಾಲಿ ಯಾಕೆ ಜಾರುತ್ತದೆ?

"3000 ಎಚ್‌ಪಿ ಲೋಕೋ ಎಷ್ಟು ಎಳೆಯುತ್ತೆ ಸರ್?" ರೈಲು ಎಳೆಯುವ ಲೋಕೋಗಳ ಶೆಡ್‌ಗೆ ಹೊಸದಾಗಿ ಬಂದ ಹುಡುಗರು ಮೊದಲು ಕೇಳುವುದು ಇದನ್ನೇ. ಎಷ್ಟು ವೇಗದಲ್ಲಿ ಅಂತ ನಾನು ತಿರುಗಿ ಕೇಳುತ್ತೇನೆ. ವೇಗ ಗೊತ್ತಿಲ್ಲದೆ ಎಚ್‌ಪಿ ಒಂದನ್ನೇ ಇಟ್ಟುಕೊಂಡು ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ.

ಡೀಸೆಲ್ ಎಂಜಿನ್‌ಗೆ ಒಂದು ತೊಂದರೆ ಇದೆ. ನಿಂತಲ್ಲಿಂದ ಅದು ಎಳೆಯಲಾರದು, ಮೊದಲು ತಾನು ತಿರುಗುತ್ತಿರಬೇಕು. ಲಾರಿಯಲ್ಲಾದರೆ ಕ್ಲಚ್, ಗೇರ್ ಸಾಕು. ಸಾವಿರಾರು ಟನ್ ಗೂಡ್ಸ್ ಎಬ್ಬಿಸಬೇಕಾದ ಕಡೆ ಅಂಥ ಕ್ಲಚ್ ಸುಟ್ಟೇ ಹೋಗುತ್ತದೆ. ಅದಕ್ಕೇ ಹೆಚ್ಚಿನ ಲೋಕೋಗಳಲ್ಲಿ ಎಂಜಿನ್ ಆಲ್ಟರ್ನೇಟರನ್ನು ತಿರುಗಿಸುತ್ತದೆ, ಅಲ್ಲಿಂದ ಬರುವ ಕರೆಂಟು ಆಕ್ಸಲ್, ಅಂದರೆ ಗಾಲಿಯ ಅಚ್ಚಿನ ಪಕ್ಕದಲ್ಲಿ, ಗಾಲಿ ತಿರುಗಿಸಲು ಇರುವ ಟ್ರಾಕ್ಷನ್ ಮೋಟಾರ್‌ಗಳಿಗೆ ಹೋಗುತ್ತದೆ. ಮೋಟಾರ್‌ನ ಪಿನಿಯನ್ ಅನ್ನುವ ಸಣ್ಣ ಗೇರ್ ಆಕ್ಸಲ್‌ನ ದೊಡ್ಡ ಗೇರನ್ನು ತಿರುಗಿಸುತ್ತದೆ. ಎಂಜಿನ್‌ನಿಂದ ಗಾಲಿಗೆ ನೇರ ಗೇರ್ ಜೋಡಣೆ ಇಲ್ಲ, ನಡುವೆ ಕೆಲಸ ಮಾಡುವುದು ಕರೆಂಟು.

ಡಿಸಿ ಮೋಟಾರ್ ಇರುವ ಹಳೆಯ ಲೋಕೋ ಕ್ಯಾಬಿನಲ್ಲಿ, ಮೋಟಾರ್ ನಿಂತಲ್ಲಿಂದಲೇ ಬಲ ಕೊಡುವುದನ್ನು ಕಣ್ಣಾರೆ ನೋಡಬಹುದು. ನಾಚ್, ಅಂದರೆ ಶಕ್ತಿ ಹೆಚ್ಚಿಸುವ ಹಿಡಿಕೆಯ ಹಂತ, ಏರಿಸಿದ ಕೂಡಲೇ ಕರೆಂಟು ತೋರಿಸುವ ಆಮ್ಮೀಟರ್ ಮುಳ್ಳು ಮೇಲೆ ಹೋಗುತ್ತದೆ, ಗಾಡಿ ಇನ್ನೂ ಕದಲಿರುವುದಿಲ್ಲ. ಮೋಟಾರ್ ನಿಂತಿರುವಾಗ ಕರೆಂಟಿಗೆ ಎದುರಾಗಿ ಅದರೊಳಗೆ ವೋಲ್ಟೇಜ್ ಹುಟ್ಟುವುದಿಲ್ಲ ಅಲ್ವಾ, ಹಾಗಾಗಿ ಕರೆಂಟು ಜಾಸ್ತಿ ಹರಿಯುತ್ತದೆ, ತಿರುಗಿಸುವ ಬಲವೂ ಆಗಲೇ ಜಾಸ್ತಿ. ವೇಗ ಹೆಚ್ಚಿದಂತೆ ಮುಳ್ಳು ತಾನಾಗಿ ಇಳಿಯುತ್ತದೆ. ಆದರೆ ಅಷ್ಟು ಕರೆಂಟಿನಲ್ಲಿ ನಿಮಿಷಗಟ್ಟಲೆ ನಿಲ್ಲಿಸಿದರೆ ಮೋಟಾರ್ ಕಾದು ಒಳಗಿನ ತಂತಿ ಸುರುಳಿ, ಅಂದರೆ ವೈಂಡಿಂಗ್, ಸುಡುತ್ತದೆ, ಇದನ್ನು ಮಾತ್ರ ಯಾರೂ ಮರೆಯಬಾರದು.

ಈಗ ಲೆಕ್ಕಕ್ಕೆ ಬರೋಣ. 3000 ಎಚ್‌ಪಿ ಅಂದರೆ ಸುಮಾರು 2240 ಕಿಲೋವ್ಯಾಟ್. ಪಂಪು, ಫ್ಯಾನು, ಮೋಟಾರ್ ಎಲ್ಲ ತಿಂದು ಗಾಲಿಗೆ 1850 ಸಿಕ್ಕಿತು ಅಂದುಕೊಳ್ಳಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ಸುಮಾರು 7 ಟನ್ ಎಳೆತ ಅಷ್ಟೇ (ಇದು ಗಾಡಿಯ ತೂಕವಲ್ಲ, ಎಳೆಯುವ ಬಲ). 10 ಕಿ.ಮೀ.ನಲ್ಲಿ ಲೆಕ್ಕ ಹಾಕಿದರೆ 68 ಟನ್ ಬರುತ್ತದೆ, ಆದರೆ ಅದು ಕಾಗದದ ಮೇಲೆ. ಒಂದೊಂದು ಗಾಲಿ ಹಳಿಯನ್ನು ಮುಟ್ಟುವ ಜಾಗ ಒಂದು ನಾಣ್ಯದಷ್ಟು. ಎಲ್ಲ ಆಕ್ಸಲ್‌ಗೂ ಮೋಟಾರ್ ಇರುವ 120 ಟನ್ ತೂಕದ ಲೋಕೋ, ಹಳಿ ಒಣಗಿದ್ದಾಗ, ತೂಕದ ಶೇ 30ರಷ್ಟು ಹಿಡಿತ ಸಿಕ್ಕರೂ 36 ಟನ್ ಬಲದಿಂದ ಎಳೆದೀತು. ಅದರ ಮೇಲೆ ಬಲ ಕೊಟ್ಟರೆ ಗಾಲಿ ಸುಮ್ನೆ ನಿಂತಲ್ಲೇ ತಿರುಗುತ್ತದೆ, ಹಳಿ ಸವೆಯುತ್ತದೆ. ಈ ಲೋಕೋ ಸುಮಾರು 20 ಕಿ.ಮೀ. ವೇಗ ಮುಟ್ಟುವವರೆಗೆ ಎಳೆತಕ್ಕೆ ಮಿತಿ ಹಾಕುವುದು ಹಳಿ, ಆಮೇಲೆ ಎಂಜಿನ್. ಲೋಕೋ ಹಗುರ ಆದಷ್ಟೂ ಒಳ್ಳೆಯದು ಅನ್ನುವವರಿಗೆ ನಾನು ಈ ಲೆಕ್ಕವನ್ನೇ ತೋರಿಸುತ್ತೇನೆ.

ಮೂರು ಫೇಸ್ ಎಸಿ ಮೋಟಾರ್ ಬಂದ ಮೇಲೆ ಜಾರುವಿಕೆಯನ್ನು ಕಂಪ್ಯೂಟರ್ ತಕ್ಷಣ ಹಿಡಿಯುತ್ತದೆ, ಹಿಡಿತ ಹೆಚ್ಚು ಸಿಗುತ್ತದೆ. ಆದರೂ ಬೆಳಗಿನ ಇಬ್ಬನಿ ಬಿದ್ದ ಹಳಿಯ ಮೇಲೆ ಏರು ಹತ್ತುವಾಗ ಗಾಲಿಗೆ ಹಿಡಿತ ಸಿಗಲು ಹಳಿಯ ಮೇಲೆ ಮರಳು ಬೇಕೇ ಬೇಕು. ಲೋಕೋ ಹೊರಡುವ ಮುಂಚೆ ನಾನು ಮೊಣಕಾಲೂರಿ ಮರಳಿನ ಪೈಪ್ ನೋಡುತ್ತೇನೆ. ಅದರ ಬಾಯಿ ಗಾಲಿ ಹಳಿಗೆ ತಾಗುವ ಜಾಗಕ್ಕೇ ನೇರವಾಗಿರಬೇಕು. ಎರಡು ಬೆರಳು ಪಕ್ಕಕ್ಕೆ ಸರಿದಿದ್ದರೂ ಮರಳೆಲ್ಲ ಜಲ್ಲಿ ಪಾಲು.