ದುಡಿ ಎಲ್ಲೆಲ್ಲಿ ಕೇಳಿಸಿತು?

ಉಡುಪಿಯ ಕಾಲೇಜೊಂದರಲ್ಲಿ ಬಿ.ಕಾಂ. ಮತ್ತು ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಭಾಷಾ ಕನ್ನಡ ಕಲಿಸುವುದು ನನ್ನ ಕೆಲಸ. ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದರೆ ಅರವತ್ತರಲ್ಲಿ ಐವತ್ತಾದರೂ ಒಂದೇ ವಾಕ್ಯದಲ್ಲಿ ಮುಗಿದಿರುತ್ತವೆ: ಹೀಗೆ ಈ ಕಾದಂಬರಿಯು ಸಮಾಜಕ್ಕೆ ಉತ್ತಮ ಸಂದೇಶವನ್ನು ನೀಡುತ್ತದೆ. ಕಾದಂಬರಿ ಪತ್ತೇದಾರಿಯಾಗಿರಲಿ, ಚಾರಿತ್ರಿಕವಾಗಿರಲಿ, ಓತಿಕೇತದ ಬೆನ್ನು ಹತ್ತಿ ಕಾಡು ಅಲೆಯುವ ಕಥೆಯಾಗಿರಲಿ, ಊಟದ ಕೊನೆಗೆ ಮಜ್ಜಿಗೆ ಬಂದ ಹಾಗೆ ಸಂದೇಶ ಬಂದೇ ಬರುತ್ತದೆ.

ಮೊದಲೆಲ್ಲ ಕೆಂಪು ಶಾಯಿಯಲ್ಲಿ 'ಯಾವ ಸಂದೇಶ?' ಎಂದು ಬರೆದು ಹಿಂದಿರುಗಿಸುತ್ತಿದ್ದೆ. ಮುಂದಿನ ಸಲ ಅವರು ಸಂದೇಶದ ಹೆಸರನ್ನೂ ಬರೆದರು: ಸಮಾನತೆ, ಪರಿಸರ ಪ್ರಜ್ಞೆ, ಸ್ತ್ರೀ ಸಬಲೀಕರಣ. ತಪ್ಪು ಅವರದಲ್ಲ ಎಂದು ತಿಳಿಯಲು ನನಗೆ ಕೆಲವು ವರ್ಷಗಳೇ ಬೇಕಾದವು. ಎಲ್ಲ ಕಾದಂಬರಿಗಳಿಗೂ ನಾವು ಕೇಳುತ್ತಿದ್ದುದು ಅವೇ ಮೂರು ಪ್ರಶ್ನೆ: ಸಾರಾಂಶ, ಪಾತ್ರಚಿತ್ರಣ, ಆಶಯ. ಅಂಗಿ, ಲಂಗ, ಮಳೆಕೋಟು ಎಲ್ಲಕ್ಕೂ ಒಂದೇ ಅಳತೆ ಕೊಟ್ಟು, ಹೊಲಿದದ್ದು ಸರಿ ಕೂರುವುದಿಲ್ಲ ಎಂದು ದರ್ಜಿಯ ಮೇಲೆ ಸಿಡುಕಿದ ಹಾಗೆ.

ಈಗ ಪುಸ್ತಕಕ್ಕೊಂದು ಪ್ರಶ್ನೆ ಹುಡುಕುತ್ತೇನೆ. ಪ್ರಶ್ನೆ ಆ ಜಾತಿಯ ಕಾದಂಬರಿ ಓದುಗನಿಂದ ಏನನ್ನು ಬಯಸುತ್ತದೆಯೋ ಅದಕ್ಕೆ ಹೊಂದಬೇಕು. ಉತ್ತರ ಪುಸ್ತಕದಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವಂತೆಯೂ ಇರಬೇಕು.

ಅಸ್ಪೃಶ್ಯನೆನಿಸಿಕೊಂಡ ಆಳು ಚೋಮ, ಅವನು ಬಾರಿಸುವ ಚರ್ಮವಾದ್ಯ ದುಡಿ, ಇವೆರಡರ ಕಥೆಯಾದ ಶಿವರಾಮ ಕಾರಂತರ 'ಚೋಮನ ದುಡಿ'ಗೆ ಹುಡುಕಿಕೊಂಡ ಪ್ರಶ್ನೆ ತೀರ ಸಣ್ಣದು: ದುಡಿ ಎಲ್ಲೆಲ್ಲಿ ಕೇಳಿಸಿತು? ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಬನ್ನಿ, ಆ ಹೊತ್ತಿಗೆ ಚೋಮನಿಗೆ ಏನಾಗಿತ್ತು ಎಂದು ಅಂಚಿನಲ್ಲಿ ಒಂದೇ ಮಾತು ಬರೆಯಿರಿ ಎಂದೆ. ವಿಮರ್ಶೆ ಬರೆಯಿರಿ ಎಂದಿದ್ದರೆ ಗೈಡು ತೆರೆಯುತ್ತಿದ್ದ ಹುಡುಗರು ಪುಸ್ತಕವನ್ನೇ ತೆರೆದರು, ಏಕೆಂದರೆ ಇದಕ್ಕೆ ಗೈಡಿನಲ್ಲಿ ಉತ್ತರವಿಲ್ಲ. ತರಗತಿಯಲ್ಲಿ ಗುರುತುಗಳನ್ನು ಕೂಡಿಸಿ ನೋಡಿದಾಗ, ಕುಡಿದು ಖುಷಿಯಾದರೂ ದುಡಿ, ಸಾವಾದರೂ ದುಡಿ ಎಂದು ಒಬ್ಬಳು ಹೇಳಿದಳು. ಲೆಕ್ಕಶಾಸ್ತ್ರದ ಹುಡುಗನೊಬ್ಬ ಇನ್ನೊಂದು ಕಡೆಯಿಂದ ಬಂದ. ಚೋಮನ ಹತ್ತಿರ ಜೋಡಿ ಎತ್ತು ಇದೆ, ದುಡಿಯುವ ಕೈಗಳಿವೆ, ಇಲ್ಲದಿರುವುದು ಗೇಣಿಗೆ ತುಂಡು ಗದ್ದೆ ಮಾತ್ರ. ಹಾಗಿದ್ದರೆ ಕೊಡುವುದಿಲ್ಲ ಎಂದವರು ನಿಜವಾಗಿ ಯಾರು?

ಇದು ನಾನು ಕೇಳದೇ ಇದ್ದ ಪ್ರಶ್ನೆ. ಧಣಿ ಸಂಕಪ್ಪಯ್ಯ ಎಂದು ಹತ್ತು ಕಂಠಗಳು ಕೂಗಿದವು. ಪುಟ ತೆರೆದು ಓದಿದರೆ ಧಣಿಯ ಮನಸ್ಸು ಸ್ವಲ್ಪ ವಾಲುತ್ತದೆ, ಮನೆಯೊಳಗಿನ ತಾಯಿ ಒಪ್ಪುವುದಿಲ್ಲ, ಆ ತಾಯಿಯ ಹಿಂದೆ ಊರು ಕಟ್ಟಳೆ ಎಂದು ಕರೆಯುವ ಗೋಡೆ ನಿಂತಿದೆ. ರಾಕ್ಷಸನೊಬ್ಬನೂ ಇಲ್ಲದೆ ಅನ್ಯಾಯ ಹೇಗೆ ನಡೆಯುತ್ತದೆ ಎಂದು ತೋರಿಸುವುದು ವಾಸ್ತವವಾದಿ ಕಾದಂಬರಿಯ ಕಸುಬು. ನಾನು ಅದನ್ನು ವ್ಯಾಖ್ಯೆಯಾಗಿ ಬರೆಸಿದ್ದರೆ ಉರು ಹೊಡೆಯುತ್ತಿದ್ದರು. ಗದ್ದೆ ಕೊಡದವರು ಯಾರು ಎಂದು ಜಗಳವಾಡಿ ತಾವೇ ಅಲ್ಲಿಗೆ ಬಂದರು.

ಜಗಳಕ್ಕೆ ಇಲ್ಲಿ ಒಂದು ಹಿನ್ನೆಲೆಯೂ ಇದೆ. ಕಾರಂತರು 1933ರಲ್ಲಿ ಬರೆದದ್ದು ಅಂದಿನ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಯ ಗದ್ದೆ, ಗುಡ್ಡಗಳ ಕಥೆ. ನನ್ನ ತರಗತಿಯಲ್ಲಿ 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್, ಅಂದರೆ ಉಳುವವನು ನಾನೇ ಎಂಬ ಅರ್ಜಿ, ಕೊಟ್ಟು ಗದ್ದೆ ಪಡೆದ ಒಕ್ಕಲುಗಳ ಮೊಮ್ಮಕ್ಕಳಿದ್ದಾರೆ, ಗದ್ದೆ ಹೋದ ಧಣಿಗಳ ಮೊಮ್ಮಕ್ಕಳಿದ್ದಾರೆ, ಡಿಕ್ಲರೇಶನ್ ಕೊಡಲು ಗೇಣಿ ಚೀಟಿಯೂ ಇಲ್ಲದೆ ಬರಿಗೈಯಲ್ಲಿ ಉಳಿದವರ ಮೊಮ್ಮಕ್ಕಳೂ ಇದ್ದಾರೆ. ಒಂದೇ ಬೆಂಚಿನಲ್ಲಿ. ಅಜ್ಜನನ್ನು ಕೇಳಿಕೊಂಡು ಬನ್ನಿ ಎಂದು ಕೆಲವರಿಗೆ ಹೇಳಿದರೆ ಸಾಕು. ಎಲ್ಲರಿಗೂ ಹೇಳಬಾರದು. ಯಾರ ಮನೆಯಲ್ಲಿ ಯಾವ ಗಾಯವಿದೆಯೋ ಮೇಷ್ಟರಿಗೇನು ಗೊತ್ತು.

ಈ ಎಚ್ಚರ ನನಗೆ ಬಂದದ್ದು ಒಂದು ಎಡವಟ್ಟಿನಿಂದ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ಯಕ್ಷಗಾನ ಪ್ರಸಂಗ ನಡೆಸುವ ತಾಳಮದ್ದಳೆಯ ಊರಿನಲ್ಲಿ ಓದಿನ ಪ್ರತಿಕ್ರಿಯೆ ಎಂಬುದನ್ನು ಹೊರಗಿನಿಂದ ತಂದು ಕಲಿಸಬೇಕಾಗಿಲ್ಲ ಎಂದು ನನ್ನ ನಂಬಿಕೆ. ಇಲ್ಲಿಯ ಜನ ಕರ್ಣ ಸಾಯುತ್ತಾನೆಂದು ಗೊತ್ತಿದ್ದೂ ರಾತ್ರಿಯಿಡೀ ಕುಳಿತು, ಆ ಪಾತ್ರದ ಮಾತು ಆಡುವ ಅರ್ಥಧಾರಿ ಆ ಸಾವನ್ನು ಹೇಗೆ ಸಮರ್ಥಿಸಿಕೊಂಡ ಎಂದು ಮರುದಿನ ಹೋಟೆಲಿನಲ್ಲಿ ವಾದ ಮಾಡುತ್ತಾರೆ. ಕಥೆ ಗೊತ್ತಾದ ಮೇಲೂ ಮಾತಾಡುವುದು ಉಳಿದಿರುತ್ತದೆ ಎಂಬುದು ಇವರಿಗೆ ರಕ್ತಗತ. ಹಾಗಾಗಿ ಪಾತ್ರಗಳಿಗೆ ಅರ್ಥ ಹೇಳಿಸೋಣ ಎಂದುಕೊಂಡೆ. ನಿಯಮ ಒಂದೇ: ಪುಸ್ತಕದಲ್ಲಿ ಆಧಾರವಿಲ್ಲದ ಮಾತು ಆಡುವಂತಿಲ್ಲ. ಸಂಕಪ್ಪಯ್ಯನಾಗಿ ಎದ್ದ ಹುಡುಗ ಊರಿನ ಮೇಳದಲ್ಲಿ ಸಣ್ಣ ವೇಷ ಹಾಕಿದವನು. ಧಣಿಯ ಇಕ್ಕಟ್ಟು, ತಾಯಿಯ ಮಾತು, ಊರಿನ ಬಾಯಿ ಎಂದು ಹತ್ತು ನಿಮಿಷ ಎಳೆ ತಪ್ಪದೆ ಮಾತಾಡಿದ. ತರಗತಿ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ.

ಹಿಂದಿನ ಸಾಲಿನ ಒಬ್ಬ ಹುಡುಗ ತಟ್ಟಲಿಲ್ಲ. ಗಂಟೆ ಹೊಡೆದ ಮೇಲೆ ಮೆಟ್ಟಿಲ ಹತ್ತಿರ ನಿಂತು, "ಮೇಡಂ, ಚೋಮನ ಅರ್ಥ ಹೇಳಲು ಯಾರೂ ಕೈ ಎತ್ತಲಿಲ್ಲ, ನೋಡಿದಿರಾ?" ಎಂದ.

ನೋಡಿರಲಿಲ್ಲ. ಮನೆಗೆ ಹೋಗಿ ಪುಸ್ತಕ ಮತ್ತೆ ತೆಗೆದೆ. ಧಣಿಯ ಎದುರು ಚೋಮನಿಗೆ ಇರುವ ಮಾತೇ ಕಡಿಮೆ. ಉಳಿದದ್ದೆಲ್ಲ ದುಡಿಗೆ ಹೋಗುತ್ತದೆ. ಮಾತಿನಲ್ಲಿ ಗೆಲ್ಲುವ ಆಟವನ್ನು ನಾನು ಕಟ್ಟಿದ್ದೆ. ಮಾತು ಸಿಗದವನ ಕಾದಂಬರಿಗೆ ಅದು ತಕ್ಕ ಆಟವೇ ಆಗಿರಲಿಲ್ಲ. ಮರುದಿನ ಇದನ್ನು ತರಗತಿಯಲ್ಲಿ ಹೇಳಿದೆ, ಆ ಹುಡುಗನ ಹೆಸರು ಎತ್ತದೆ. ಈಗ ಅರ್ಥಗಾರಿಕೆ ಇಟ್ಟರೆ ಕೇಳುವವರಿಗೂ ಕೆಲಸವಿದೆ: ಮಾತು ಮುಗಿದ ಕೂಡಲೇ ಚಪ್ಪಾಳೆಗೆ ಮೊದಲು ಆ ವಾದವನ್ನು ಅಲುಗಾಡಿಸುವ ಒಂದು ವಾಕ್ಯವನ್ನು ಕಾದಂಬರಿಯಿಂದಲೇ ಹೆಕ್ಕಿ ಬರೆಯಬೇಕು.

ಸುಧಾರಣೆಯ ಕಾದಂಬರಿಗೆ ಬೇರೆ ಪ್ರಶ್ನೆ ಬೇಕು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನಿಸಿಕೊಂಡ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂತು. ಬರೆದ ಗುಲ್ವಾಡಿ ವೆಂಕಟರಾಯರು ಪೊಲೀಸ್ ಅಧಿಕಾರಿ. ನಮ್ಮ ಹುಡುಗರು ನಗುತ್ತಾರೆ. ಕೆಟ್ಟವರು ಪೂರ್ತಿ ಕೆಟ್ಟವರು, ಒಳ್ಳೆಯವರು ಪೂರ್ತಿ ಒಳ್ಳೆಯವರು, ಕೊನೆಗೆ ವಿಧವೆಗೆ ಮರುಮದುವೆ, ಎಲ್ಲ ಸುಸೂತ್ರ. ನಗಲಿ. ನಕ್ಕ ಮೇಲೆ ಕೇಳುತ್ತೇನೆ: ಈ ಪುಸ್ತಕ ಯಾರ ಜೊತೆ ವಾದ ಮಾಡುತ್ತಿದೆ? ಎದುರಿಗೆ ಕುಳಿತ ಆ ಓದುಗನನ್ನು ಬಣ್ಣಿಸಿ. ತಲೆ ಬೋಳಿಸಿದ ಬಾಲವಿಧವೆಯನ್ನು ಮನೆಯ ಮೂಲೆಯಲ್ಲಿ ಕೂರಿಸಿ, ವಿಧವೆ ಓದು ಕಲಿತರೆ ಕುಲ ಕೆಡುತ್ತದೆ ಎನ್ನುವ ಒಬ್ಬ ಯಜಮಾನ ಅವರ ಬರಹದಲ್ಲಿ ಮೂಡತೊಡಗಿದಾಗ ಕಪ್ಪು-ಬಿಳುಪಿನ ಕಾರಣ ಹೊಳೆಯುತ್ತದೆ. ಕೂಗಿ ಹೇಳದಿದ್ದರೆ ಕೇಳಿಸದ ಕಿವಿಗೆ ಹೇಳಿದ ಕಥೆ ಅದು.

ಇದರ ಮಗ್ಗುಲಲ್ಲೇ ಸಾರಾ ಅಬೂಬಕ್ಕರರ 'ಚಂದ್ರಗಿರಿಯ ತೀರದಲ್ಲಿ' ಇಡುತ್ತೇನೆ. ಬೇಕೆಂದೇ. ಬಿಡಿಯಾಗಿ ಕೊಟ್ಟ ವರ್ಷ ಅರ್ಧ ತರಗತಿ 'ಅವರಲ್ಲಿ ಹೀಗೆ' ಎಂದು ಬರೆದು ಕೈ ತೊಳೆದುಕೊಂಡಿತ್ತು, ಉಳಿದ ಕೆಲವರು ತಲೆ ತಗ್ಗಿಸಿ ಕುಳಿತಿದ್ದರು. ತನ್ನ ಹಠಕ್ಕೆ ಮಗಳ ಬಾಳನ್ನು ಒತ್ತೆಯಿಟ್ಟ ಅಪ್ಪ, ಬೇರ್ಪಟ್ಟ ಗಂಡನ ಹತ್ತಿರ ಹಿಂದಿರುಗಲು ಒಂದು ರಾತ್ರಿಗೆ ಇನ್ನೊಬ್ಬನ ಹೆಂಡತಿಯಾಗಬೇಕಾದ ನಾದಿರಾ, ಕೊನೆಗೆ ಮಸೀದಿಯ ಕೊಳ. ಇಂದಿರೆಯ ಮನೆಯನ್ನೂ ನಾದಿರಾಳ ಮನೆಯನ್ನೂ ಜೊತೆಗಿಟ್ಟರೆ, ಯಜಮಾನನ ಮಾತು ನಡೆಯುವ ಎರಡು ಮನೆಗಳು ಎದುರುಬದುರಾಗುತ್ತವೆ, ನಡುವೆ ಸುಮಾರು ಎಂಬತ್ತು ವರ್ಷ. ಒಬ್ಬಳಿಗೆ ದಾರಿ ಸಿಕ್ಕಿತು, ಇನ್ನೊಬ್ಬಳಿಗೆ ಏಕೆ ಸಿಗಲಿಲ್ಲ? 'ಅವರಲ್ಲಿ', 'ನಮ್ಮಲ್ಲಿ' ಎಂಬ ಎರಡು ಪದಗಳನ್ನು ಬಳಸದೆ ಉತ್ತರ ಬರೆಯಬೇಕು. ಈ ನಿಷೇಧಕ್ಕೆ ಗೊಣಗುತ್ತಾರೆ. ಆದರೆ ಆ ಪದಗಳು ಹೋದ ಕೂಡಲೇ ವಾಕ್ಯಕ್ಕೆ ಕರ್ತೃ ಬೇಕಾಗುತ್ತದೆ. ಅಪ್ಪ ಮಾಡಿದ, ಅಮ್ಮ ಸುಮ್ಮನಿದ್ದಳು, ಊರು ನೋಡಿತು ಎಂದು ಬರೆಯಲೇಬೇಕಾಗುತ್ತದೆ.

ಭಾಷೆಯ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಮನೆಮಾತು ತುಳು, ಬ್ಯಾರಿ, ಕೊಂಕಣಿ, ಕುಂದಾಪುರದ ಕನ್ನಡ. ಪುಸ್ತಕದ ಕನ್ನಡ ಅನೇಕರಿಗೆ ಸಮವಸ್ತ್ರದ ಹಾಗೆ, ಹಾಕಿಕೊಂಡ ಕೂಡಲೇ ಮೈ ಬಿಗಿಯುತ್ತದೆ. 'ಸಂದೇಶವನ್ನು ನೀಡುತ್ತದೆ' ಹುಟ್ಟುವುದೂ ಆ ಬಿಗಿತದಲ್ಲೇ. ಮೊದಲು ತುಳುವಿನಲ್ಲಿ ಹೇಳು ಎಂದರೆ "ಆಯೆ ದಾಯೆ ಅಂಚ ಮಲ್ತೆ?" ಎಂದು ಎದೆಯಿಂದ ಬರುತ್ತದೆ. ಅವನು ಯಾಕೆ ಹಾಗೆ ಮಾಡಿದ? ಪ್ರಬಂಧದ ಮೊದಲ ವಾಕ್ಯ ಸಿಕ್ಕಿದ ಹಾಗಾಯಿತು, ಅದನ್ನು ಕನ್ನಡಕ್ಕೆ ಇಳಿಸಿ ಮುಂದುವರಿಸುವುದಷ್ಟೇ ಬಾಕಿ.

ಪತ್ತೇದಾರಿ ಕಾದಂಬರಿಯನ್ನು ಪಾಠಕ್ಕೆ ತಂದಾಗ ಸಹೋದ್ಯೋಗಿಯೊಬ್ಬರು ಹುಬ್ಬು ಹಾರಿಸಿದರು. ಎನ್. ನರಸಿಂಹಯ್ಯನವರನ್ನು ಓದಿಯೇ ಓದಿನ ಚಟ ಹತ್ತಿಸಿಕೊಂಡ ತಲೆಮಾರು ಒಂದಿದೆ, ನನ್ನ ತಂದೆ ಅದರಲ್ಲಿ ಒಬ್ಬರು, ಹಾಗಾಗಿ ನನಗೆ ಮುಜುಗರವಿಲ್ಲ. ಇಲ್ಲಿ ಕೆಲಸ ಬಲು ಸರಳ. ಮುಕ್ಕಾಲು ಭಾಗ ಓದಿ ಪುಸ್ತಕ ಮುಚ್ಚುವುದು, ಯಾರ ಮೇಲೆ ಗುಮಾನಿ, ಯಾವ ಪುಟದ ಯಾವ ಸಾಲಿನಿಂದ ಎಂದು ಬರೆದು ಲಕೋಟೆಗೆ ಹಾಕಿ ಅಂಟಿಸುವುದು. ಪೂರ್ತಿ ಓದಿದ ಮೇಲೆ ಲಕೋಟೆ ಒಡೆದು, ಲೇಖಕ ತಮ್ಮ ಕಣ್ಣಿಗೆ ಎಲ್ಲಿ ಮಣ್ಣೆರಚಿದ, ಅದು ನ್ಯಾಯವಾಗಿತ್ತೇ ಎಂದು ಬರೆಯುವುದು. ಸುಳಿವನ್ನೇ ಕೊಡದೆ ಕೊನೆಗೆ ಹೊಸ ಅಪರಾಧಿಯನ್ನು ಎಳೆದು ತಂದ ಲೇಖಕನ ಮೇಲೆ ಹುಡುಗರು ಹರಿಹಾಯುವ ರೀತಿ ನೋಡಬೇಕು. ನಿಕಟ ಓದು ಎಂದು ನಾವು ದೊಡ್ಡ ಹೆಸರಿಟ್ಟು ಕರೆಯುವುದು ಇದನ್ನೇ. ವಾರಪತ್ರಿಕೆಗಳ ಧಾರಾವಾಹಿ ಪ್ರೇಮಕಥೆಗೂ ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ: ಈ ಕಥೆ ನೀವು ಏನನ್ನು ಹಾರೈಸುವಂತೆ ಮಾಡುತ್ತದೆ, ಯಾವ ಪುಟದಿಂದ ನೀವು ಹಾರೈಸತೊಡಗಿದಿರಿ?

ಚಾರಿತ್ರಿಕ ವಸ್ತುವಿನ ಕಾದಂಬರಿಗೆ ಮೂರು ಕಾಲಮ್ಮುಗಳ ಹಾಳೆ: ದಾಖಲೆಯಲ್ಲಿ ಇರುವುದು, ಲೇಖಕ ಕಲ್ಪಿಸಿದ್ದು, ಹೇಳಲು ಬಾರದ್ದು. ನಿರಂಜನರ 'ಚಿರಸ್ಮರಣೆ' 1955ರದು, ಕಾಸರಗೋಡಿನ ಕಯ್ಯೂರಿನ ರೈತ ಹೋರಾಟದ ಕಥೆ. ಆಗ ಕಾಸರಗೋಡು ಇನ್ನೂ ದಕ್ಷಿಣ ಕನ್ನಡದಲ್ಲೇ ಇತ್ತು. 1943ರ ಮಾರ್ಚ್ 29ರಂದು ಹೋರಾಟಗಾರರಲ್ಲಿ ನಾಲ್ವರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಗಲ್ಲು ಶಿಕ್ಷೆಯಾಗಿದ್ದ ಐದನೆಯವನು ಅಪ್ರಾಪ್ತನೆಂದು ಉಳಿದುಕೊಂಡ. ಇದು ಮೊದಲ ಕಾಲಮ್ಮು. ಗಲ್ಲಿನ ಹಿಂದಿನ ಹೊತ್ತಿನಲ್ಲಿ ಅವರ ಮನಸ್ಸಿನಲ್ಲಿ ಏನಿತ್ತು ಎಂಬುದು ಎರಡನೆಯದಕ್ಕೆ ಸೇರಬೇಕಾದ ಮಾತು, ಆದರೆ ಹುಡುಗರು ಅದನ್ನು ಮೊದಲನೆಯದರಲ್ಲಿ ಬರೆದು, ಹೊಡೆದು ಹಾಕಿ, ಮತ್ತೆ ಬರೆಯುತ್ತಾರೆ. ಆ ಹೊಡೆದು ಹಾಕಿದ ಗುರುತಿಗೆ ನಾನು ಅಂಕ ಕೊಡುತ್ತೇನೆ.

ಹಾರುವ ಓತಿಯನ್ನು ಹುಡುಕಿ ಕಾಡು ಅಲೆಯುವವರ ಕಥೆಯಾದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ' ಓದಿದ ವರ್ಷ ಹೆಬ್ರಿ ಕಡೆಯ ಹುಡುಗಿಯೊಬ್ಬಳು ಬಹಳ ಬೇಸರದಿಂದ ಕೇಳಿದಳು: "ಹಾರುವ ಓತಿ ನಮ್ಮ ತೋಟದ ಅಡಿಕೆ ಮರದಲ್ಲೇ ಉಂಟಲ್ಲ ಮೇಡಂ, ಇದಕ್ಕಾಗಿ ಇಷ್ಟು ಜನ ಅಷ್ಟು ದೂರ ನಡೆಯಬೇಕಿತ್ತಾ?" ಇಡೀ ತರಗತಿ ನಕ್ಕಿತು. ನಾನು ನಗದೆ ಆ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದೆ. ಆಮೇಲಿನ ಎರಡು ಗಂಟೆ ಅದರಲ್ಲೇ ಹೋಯಿತು. ಒಬ್ಬ, ಹುಡುಕಿದ್ದು ಓತಿಯನ್ನಲ್ಲ, ಕಾಲವನ್ನು ಎಂದ. ಕೇಳಲು ಚೆಂದ, ಪುಟ ತೋರಿಸು ಎಂದೆ, ತಡಕಾಡಿದ. ಇನ್ನೊಬ್ಬಳು, ವಿಜ್ಞಾನಿಗೆ ಓತಿಯ ಸುದ್ದಿ ಕೊಟ್ಟವನು ಊರಿನವರು ಕೆಲಸಕ್ಕೆ ಬಾರದವನೆಂದು ತಳ್ಳಿದ್ದ ಮಂದಣ್ಣ ಎಂದಳು. ಹೆಬ್ರಿಯವಳಿಗೆ ತೋಟದ ಓತಿಯನ್ನು ಒಂದು ವಾರ ನೋಡಿ ಬರೆದುಕೊಂಡು ಬಾ ಎಂದೆ. ಗಂಟಲಿನ ಹಳದಿ ಚೀಲವನ್ನು ಬೀಸಣಿಗೆಯ ಹಾಗೆ ಬಿಚ್ಚಿ ಮುಚ್ಚುವುದು, ಪಕ್ಕೆಲುಬಿನ ಚರ್ಮ ಹರಡಿ ಮರದಿಂದ ಮರಕ್ಕೆ ತೇಲುವುದು, ಇಳಿಯುವ ಮುನ್ನ ತಲೆ ಮೇಲೆತ್ತುವುದು, ಎಲ್ಲವನ್ನೂ ನಾಲ್ಕು ಪುಟ ಬರೆದಿದ್ದಳು. ಕೊನೆಗೆ, ಹದಿನೆಂಟು ವರ್ಷ ನೋಡಿದ್ದೇನೆ ಎಂದುಕೊಂಡಿದ್ದೆ, ನೋಡಿರಲಿಲ್ಲ ಎಂದು ಒಂದು ಸಾಲು. ಕಾದಂಬರಿಯ ಹೆಸರು ಆ ನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ. ಹತ್ತಕ್ಕೆ ಒಂಬತ್ತು ಕೊಟ್ಟೆ, ಒಂದು ಅಂಕ ಕಾಗುಣಿತಕ್ಕೆ ಹೋಯಿತು.

ಇಷ್ಟೆಲ್ಲ ಮಾಡಿದರೂ ಸೆಮಿಸ್ಟರಿನ ಪ್ರಶ್ನೆಪತ್ರಿಕೆ ಮಾತ್ರ ಹಳೆಯ ದಾರಿಯಲ್ಲೇ ಬರುತ್ತದೆ: ಚೋಮನ ಪಾತ್ರವನ್ನು ಚಿತ್ರಿಸಿರಿ. ಹಾಗಾಗಿ ಕೊನೆಯ ಎರಡು ವಾರ ನಾನೂ ಪಾತ್ರಚಿತ್ರಣ ಬರೆಯುವುದನ್ನು ಕಲಿಸುತ್ತೇನೆ, ಪೀಠಿಕೆ, ಒಡಲು, ಉಪಸಂಹಾರ ಸಹಿತ. ಕಳೆದ ಸಲ ಮೌಲ್ಯಮಾಪನಕ್ಕೆ ಹೋಗಿದ್ದೆ. ಯಾವ ಕಾಲೇಜಿನದೋ ತಿಳಿಯದ ಕಟ್ಟಿನಲ್ಲಿ ಒಂದು ಉತ್ತರ, ಎಲ್ಲರ ಹಾಗೆಯೇ ಶುರುವಾಗಿ, ಎರಡನೆಯ ಪುಟದ ನಡುವೆ ನಿಂತು, ಚೋಮ ಧಣಿಯ ಅಂಗಳದಲ್ಲಿ ಒಮ್ಮೆಯೂ ದುಡಿ ಬಾರಿಸಿದಂತೆ ನನಗೆ ನೆನಪಿಲ್ಲ ಎಂದಿತ್ತು. ಪಕ್ಕದಲ್ಲಿ ಕುಳಿತಿದ್ದವರಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಓದಿ, "ಹೌದಾ? ನೋಡಬೇಕು" ಎಂದರು.