ಇಡ್ಲಿಗಿಂತ ಚಟ್ನಿಯೇ ದುಬಾರಿ

ಉದ್ದಿನಬೇಳೆ ತುಟ್ಟಿ, ಹಾಗಾಗಿ ಉಪ್ಪಿಟ್ಟಿಗಿಂತ ಇಡ್ಲಿಗೆ ಖರ್ಚು ಜಾಸ್ತಿ ಎಂದು ಬಹಳ ಮನೆಗಳಲ್ಲಿ ನಂಬಿದ್ದಾರೆ. ಬರೆದು ಕೂಡಿಸಿ ನೋಡಿದರೆ ಹಾಗಿಲ್ಲ. 200 ಗ್ರಾಂ ಉದ್ದಿನಬೇಳೆ, 600 ಗ್ರಾಂ ಇಡ್ಲಿ ಅಕ್ಕಿ ನೆನೆಸಿ ರುಬ್ಬಿದರೆ ಸುಮಾರು ಎರಡು ಕಿಲೋ ಹಿಟ್ಟಾಗುತ್ತದೆ. 50 ಗ್ರಾಂ ಹಿಟ್ಟಿಗೆ ಒಂದರಂತೆ 40 ಇಡ್ಲಿ. ಬೇಳೆ ಕಿಲೋಗೆ 130, ಅಕ್ಕಿ 45 ರೂಪಾಯಿ ಎಂದು ಹಿಡಿದರೆ ಎರಡಕ್ಕೂ ಸೇರಿ 53 ರೂಪಾಯಿ. ಉಪ್ಪು, ಮೆಂತ್ಯ, ಗ್ರೈಂಡರಿನ ಕರೆಂಟು, ಬೇಯಿಸಲು ಸುಮಾರು 100 ಗ್ರಾಂ ಗ್ಯಾಸು, ಎಲ್ಲ ಕೂಡಿಸಿದರೂ 62ರ ಆಸುಪಾಸು. ಇಡ್ಲಿಯೊಂದಕ್ಕೆ ಒಂದೂವರೆ ರೂಪಾಯಿ. ನಾಲ್ಕು ಮಂದಿಗೆ 16 ಇಡ್ಲಿ ಎಂದರೆ 25 ರೂಪಾಯಿ. ಕಾಲು ಕಿಲೋ ರವೆಗೆ ಎಣ್ಣೆ, ಈರುಳ್ಳಿ, ಒಗ್ಗರಣೆ ಸೇರಿದ ಉಪ್ಪಿಟ್ಟು ಇದಕ್ಕಿಂತ ಅಗ್ಗವೇನಲ್ಲ.

ದುಡ್ಡು ಹೋಗುವುದು ಚಟ್ನಿಗೆ. ತೆಂಗಿನಕಾಯಿ 50 ರೂಪಾಯಿ ಇರುವಾಗ ಅರ್ಧ ಕಾಯಿಗೇ 25. ಹುರಿಗಡಲೆ, ಹಸಿಮೆಣಸಿನಕಾಯಿ, ಒಗ್ಗರಣೆ ಸೇರಿದರೆ ಇಡ್ಲಿಯ ಖರ್ಚನ್ನು ದಾಟುತ್ತದೆ. ಆ ಅರ್ಧ ಕಾಯಿಯನ್ನು ಕಾಲು ಕಾಯಿಗೆ ಇಳಿಸಿ 40 ಗ್ರಾಂ ಹುರಿಗಡಲೆ ಹಾಕಿದರೆ ಏಳೆಂಟು ರೂಪಾಯಿ ಉಳಿಯುತ್ತದೆ. ಹುರಿಗಡಲೆಯ ಪಿಷ್ಟ ಮತ್ತು ಪ್ರೋಟೀನು ನೀರು ಹೀರಿ ಹಿಡಿದುಕೊಳ್ಳುವುದರಿಂದ ಚಟ್ನಿಯಲ್ಲಿ ನೀರು ಬೇರೆ, ಗಸಿ ಬೇರೆ ಆಗುವುದೂ ಕಡಿಮೆ.

ಇಡ್ಲಿ ಇಷ್ಟು ಅಗ್ಗವಾಗುವುದಕ್ಕೆ ಕಾರಣ, ಒಂದು ಪಾಲು ಬೇಳೆ ಮೂರು ಪಾಲು ಅಕ್ಕಿಯನ್ನು ಎತ್ತಿ ನಿಲ್ಲಿಸುವುದು. ಬೇರೆ ಬೇಳೆ ಹಾಕಿದರೆ ಇಷ್ಟು ಮೆತ್ತಗಾಗುವುದಿಲ್ಲ. ಉದ್ದಿನಲ್ಲಿರುವ ಗ್ಲೋಬುಲಿನ್ ಎಂಬ ಪ್ರೋಟೀನು ಗಾಳಿಗುಳ್ಳೆಗಳ ಸುತ್ತ ಪೊರೆ ಕಟ್ಟುತ್ತದೆ. ಅರಾಬಿನೊಗ್ಯಾಲಕ್ಟಾನ್ ಎಂಬ ಲೋಳೆಯಂಥ ಸಕ್ಕರೆ ಸರಪಳಿ ಆ ಪೊರೆ ಒಡೆಯದಂತೆ ಕಾಯುತ್ತದೆ. ಈ ಜೋಡಿಯ ಕೆಲಸವನ್ನು 1970ರ ದಶಕದಲ್ಲಿ ಬಿಡಿಸಿ ತೋರಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು. ನಮ್ಮ ಅಡುಗೆಮನೆಯ ಪ್ರಶ್ನೆಗೆ ನಮ್ಮೂರಿನ ಪ್ರಯೋಗಾಲಯದಲ್ಲೇ ಉತ್ತರ ಸಿಕ್ಕಿತು ಎಂಬುದು ಹೆಮ್ಮೆಯ ವಿಷಯ.

ಆದ್ದರಿಂದ ಬೇಳೆ ರುಬ್ಬುವುದರಲ್ಲಿ ಅವಸರ ಸಲ್ಲದು. ನಾಲ್ಕು ಗಂಟೆ ನೆನೆದ ಬೇಳೆಯನ್ನು ಗ್ರೈಂಡರಿಗೆ ಹಾಕಿ, ನೀರನ್ನು ಒಮ್ಮೆಲೇ ಸುರಿಯದೆ ಚಿಮುಕಿಸುತ್ತಾ 25-30 ನಿಮಿಷ ರುಬ್ಬಬೇಕು. ಒಂದು ಲೋಟ ನೀರಿಗೆ ಗೋಲಿಯಷ್ಟು ಹಿಟ್ಟು ಬಿಟ್ಟು ನೋಡಿ: ತೇಲಿದರೆ ಗಾಳಿ ಸೇರಿದೆ, ಮುಳುಗಿದರೆ ಇನ್ನೈದು ನಿಮಿಷ ಬೇಕು. ಮಿಕ್ಸಿಯಲ್ಲಿ ಇದು ಕೆಡುವುದು ಬಿಸಿಯಿಂದ. ಜಾರು ಮುಟ್ಟಿದರೆ ಸುಡುವಷ್ಟು ಕಾದರೆ ಹಿಟ್ಟನ್ನು ಹುದುಗಿಸಬೇಕಾದ ಜೀವಿಗಳೇ ಸಾಯುತ್ತವೆ. ಫ್ರಿಜ್ಜಿನ ತಣ್ಣೀರು ಹಾಕಿ, ಬಿಟ್ಟು ಬಿಟ್ಟು ತಿರುಗಿಸಿದರೆ ತೊಂದರೆಯಿಲ್ಲ. ಅಕ್ಕಿಯನ್ನು ಬೇರೆಯಾಗಿ ಸಣ್ಣ ರವೆಯಷ್ಟು ತರಿಯಾಗಿ ರುಬ್ಬಿದರೆ ಸಾಕು. ನುಣ್ಣಗಾದರೆ ಇಡ್ಲಿ ಅಂಟಂಟಾಗುತ್ತದೆ.

ಹುದುಗಿಸುವ ಮುಖ್ಯ ಬ್ಯಾಕ್ಟೀರಿಯಾ ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್. ಅದು ಬೇಳೆಯ ಜೊತೆಗೇ ಬರುತ್ತದೆ, ಹೆಪ್ಪು ಬೇಡ. ಕೈಯಲ್ಲಿ ಕಲಸಿದರೆ ಮಾತ್ರ ಹುಳಿ ಬರುತ್ತದೆಂಬ ಮಾತಿದೆಯಲ್ಲ, ಸೌಟಿನಲ್ಲಿ ಕಲಸಿದರೂ ಬರುತ್ತದೆ. ಸಕ್ಕರೆಯ ಅಂಶ ತಿಂದು ಅದು ಬಿಡುವ ಇಂಗಾಲದ ಡೈಆಕ್ಸೈಡು ಹಿಟ್ಟನ್ನು ಉಬ್ಬಿಸುತ್ತದೆ, ಲ್ಯಾಕ್ಟಿಕ್ ಆಮ್ಲ ಹುಳಿ ಕೊಡುತ್ತದೆ. 28-30 ಡಿಗ್ರಿಯಲ್ಲಿ ಎಂಟರಿಂದ ಹತ್ತು ಗಂಟೆ ಸಾಕು. ಡಿಸೆಂಬರಿನ ಬೆಂಗಳೂರಿನಲ್ಲಿ ರಾತ್ರಿ 15-16 ಡಿಗ್ರಿಗೆ ಇಳಿದಾಗ ಅಷ್ಟಕ್ಕೇ ತಟ್ಟೆಗೆ ಹಾಕಿದರೆ ಇಡ್ಲಿ ಕಲ್ಲಾಗುತ್ತದೆ. ಆಗ 14-16 ಗಂಟೆ ಬಿಡಿ, ಪಾತ್ರೆಗೆ ಕಂಬಳಿ ಸುತ್ತಿ. ಉಪ್ಪು ಹುದುಗನ್ನು ನಿಧಾನಿಸುವುದರಿಂದ ಚಳಿಗಾಲದಲ್ಲಿ ಬೆಳಿಗ್ಗೆ ಹಾಕುವುದು, ಬೇಸಿಗೆಯಲ್ಲಿ ರಾತ್ರಿಯೇ ಹಾಕುವುದು ಒಳ್ಳೆಯದು. ಎರಡು ಕಿಲೋ ಹಿಟ್ಟಿಗೆ 20 ಗ್ರಾಂ. ಪಾತ್ರೆ ಅರ್ಧ ಖಾಲಿ ಇರಲಿ, ಉಬ್ಬಿ ಸೋರಿದ ಹಿಟ್ಟೂ ದುಡ್ಡೇ.

ಉಬ್ಬಿದ ಹಿಟ್ಟನ್ನು ಗರಗರ ತಿರುಗಿಸಿದರೆ ರಾತ್ರಿಯೆಲ್ಲ ಸೇರಿದ ಗಾಳಿ ಹೋಗುತ್ತದೆ. ತಳದಿಂದ ಒಂದೆರಡು ಬಾರಿ ಮಗುಚಿ, ಎಣ್ಣೆ ಸವರಿದ ತಟ್ಟೆಗೆ ಹಾಕಿ. ನೀರು ಮೊದಲೇ ಕುದಿಯುತ್ತಿರಬೇಕು. ಹಬೆ ತಟ್ಟಿದೊಡನೆ ಗುಳ್ಳೆ ಹಿಗ್ಗುತ್ತದೆ, 70 ಡಿಗ್ರಿಯ ಆಸುಪಾಸಿನಲ್ಲಿ ಪಿಷ್ಟ ಬೆಂದು ಅದರ ಸುತ್ತ ಗಟ್ಟಿಯಾಗುತ್ತದೆ. ತಣ್ಣೀರಿನ ಮೇಲಿಟ್ಟರೆ ಪಿಷ್ಟ ಗಟ್ಟಿಯಾಗುವ ಮೊದಲೇ ಗಾಳಿ ನುಸುಳಿಹೋಗಿ ಇಡ್ಲಿ ಚಪ್ಪಟೆಯಾಗುತ್ತದೆ. 10-12 ನಿಮಿಷ ಬೆಂದಮೇಲೆ ಎರಡು ಮೂರು ನಿಮಿಷ ಆರಲು ಬಿಟ್ಟು, ಒದ್ದೆ ಚಮಚದಿಂದ ಎಬ್ಬಿಸಿದರೆ ತಟ್ಟೆಗೆ ಅಂಟುವುದಿಲ್ಲ.

ಉಳಿದ 24 ಇಡ್ಲಿಯ ಹಿಟ್ಟನ್ನು ಫ್ರಿಜ್ಜಿಗೆ ಇಡಿ. ಅಲ್ಲಿಯೂ ಹುಳಿ ಏರುತ್ತದೆ, ನಿಧಾನವಾಗಿ. ಎರಡನೆಯ ದಿನ ಇಡ್ಲಿ ಚೆನ್ನಾಗಿಯೇ ಬರುತ್ತದೆ. ಮೂರನೆಯ ದಿನಕ್ಕೆ ನೊರೆ ಕುಗ್ಗಿ ಇಡ್ಲಿ ದಪ್ಪಗಾಗದಿದ್ದರೆ ಅದಕ್ಕೆ ಸ್ವಲ್ಪ ನೀರು, ಎರಡು ಚಮಚ ಅಕ್ಕಿಹಿಟ್ಟು ಬೆರೆಸಿ ಕಾದ ಕಾವಲಿಯ ಮೇಲೆ ದೋಸೆ ಹುಯ್ಯಿರಿ, ಇಲ್ಲವೆ ಈರುಳ್ಳಿ ಹೆಚ್ಚಿ ಹಾಕಿ ಪಡ್ಡು ಮಾಡಿ.